ನಾಕ್ಟನ್ 35: ಎಸ್‌ಸಿಯೋ ಎಂಸಿಯೋ? ಆರು ವರ್ಷ ಬಳಸಿದವನ ಮಾತು

ಈ ಲೆನ್ಸನ್ನು ನಾನು ಎರಡು ಸಲ ಮಾರಲು ಹೊರಟಿದ್ದೆ. ಎರಡನೇ ಸಲವಂತೂ ಬೆಲೆ ಮಾತಾಡಿ, ಡಬ್ಬಿಗೆ ಹಾಕಿ, ಸುತ್ತಲೂ ಟೇಪ್ ಕೂಡ ಸುತ್ತಿದ್ದೆ. ಕೊಳ್ಳುವವನೇ ಕೊನೆ ಗಳಿಗೆಯಲ್ಲಿ ಕೈಕೊಟ್ಟ. ಅವತ್ತು ಅವನಿಗೆ ಬೈದದ್ದಕ್ಕೆ ಲೆಕ್ಕವಿಲ್ಲ. ಈಗ ಸಿಕ್ಕಿದರೆ ಕರೆದು ಚಹಾ ಕೊಡುತ್ತೇನೆ.

ನನ್ನದು ಫೋಕ್ಟ್‌ಲೆಂಡರ್ ನಾಕ್ಟನ್ ಕ್ಲಾಸಿಕ್ 35, ಎಫ್ 1.4, ಮೊದಲ ಆವೃತ್ತಿ. ಅದರಲ್ಲೂ ಎಸ್‌ಸಿ, ಅಂದರೆ ಸಿಂಗಲ್ ಕೋಟಿಂಗ್, ಗಾಜಿಗೆ ಒಂದೇ ಪದರ ಲೇಪ. ಎಂಸಿ ಅಂದರೆ ಮಲ್ಟಿ ಕೋಟಿಂಗ್, ಹಲವು ಪದರ. ತೂಕ ಎಷ್ಟು, ಫಿಲ್ಟರ್ ಯಾವುದು ಅಂತೆಲ್ಲ ನೀವು ಈಗಾಗಲೇ ನೋಡಿರುತ್ತೀರಿ, ಬಿಡಿ. ಕ್ಯಾಮರಾ ಬೆಸ್ಸಾ ಆರ್2ಎ. ಫಿಲ್ಮ್ ಹೆಚ್ಚಾಗಿ ಕಪ್ಪುಬಿಳುಪಿನ ಇಲ್‌ಫೋರ್ಡ್ ಎಚ್‌ಪಿ5, 1600ಕ್ಕೆ ಪುಶ್ ಮಾಡಿದ್ದು. ಅಂದರೆ 400ರ ಫಿಲ್ಮಿಗೆ ಕಮ್ಮಿ ಬೆಳಕು ಕೊಟ್ಟು, ತೊಳೆಯುವಾಗ (ಡೆವಲಪ್ ಮಾಡುವಾಗ) ಹೆಚ್ಚು ಹೊತ್ತು ಇಟ್ಟು ಸರಿದೂಗಿಸುವುದು. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಕನ್ನಡ ಶಾಲೆಯೊಂದರಲ್ಲಿ ಮಾಷ್ಟ್ರು. ಮನೆ ಹಿಂದೆ ಸ್ವಲ್ಪ ಅಡಿಕೆ ತೋಟ ಉಂಟು. ಲೆನ್ಸ್ ಕೊಂಡದ್ದು ಸೆಕೆಂಡ್‌ಹ್ಯಾಂಡ್, 28 ಸಾವಿರಕ್ಕೆ. ಆ ವರ್ಷದ ಧಾರಣೆಯಲ್ಲಿ ಹತ್ತಿರ ಹತ್ತಿರ ಒಂದು ಗೋಣಿ ಚಾಲಿಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ ದುಡ್ಡು. ಮನೆಯವಳು ಇವತ್ತಿಗೂ ಇದನ್ನು ‘ನಿಮ್ಮ ಗೋಣಿ’ ಅಂತಲೇ ಕರೆಯುವುದು.

ನಾನು ಫೋಟೊ ತೆಗೆಯುವುದು ಮುಖ್ಯವಾಗಿ ಒಂದೇ ಜಾಗದಲ್ಲಿ, ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ. ರಂಗಸ್ಥಳದ ಎದುರು ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅಲ್ಲಿ ನನ್ನ ಅಗತ್ಯ ಇಲ್ಲ. ಚೌಕಿಯಲ್ಲಿ ಕಲಾವಿದರು ಎರಡು ಸಾಲಾಗಿ ಕೂತು, ಎದುರು ಕನ್ನಡಿ ಇಟ್ಟುಕೊಂಡು ಬಣ್ಣ ಹಾಕುತ್ತಿರುತ್ತಾರೆ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಎಲ್ಲರಿಗಿಂತ ಮೊದಲೇ ಕೂರಬೇಕು, ಏಕೆಂದರೆ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದವಾದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಗೆನ್ನೆಯ ಮೇಲೆ ಒಂದೊಂದೇ ಚುಕ್ಕಿ. ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಹಾಗೆ ಬೆಳೆದು ಬೆಳೆದು ಮುಳ್ಳಿನ ಸಾಲು ಆಗುತ್ತದೆ. ಹಿಂದೆ ಗ್ಯಾಸ್‌ಲೈಟಿನಲ್ಲಿ ಈ ಕೆಲಸ. ಈಗ ತಲೆ ಮೇಲೆ ಒಂದು ಬಲ್ಬ್ ನೇತಾಡುತ್ತಿರುತ್ತದೆ. ನನ್ನ ಜಗಳವೆಲ್ಲ ಆ ಬಲ್ಬಿನ ಜೊತೆ.

ಮೊದಲನೇ ವರ್ಷದ ಫಿಲ್ಮ್ ನೋಡಿ ಅಳು ಬರುವುದೊಂದು ಬಾಕಿ. ಬಲ್ಬ್ ಚೌಕಟ್ಟಿನೊಳಗೆ ಬಂದ ಪ್ರತಿ ಚಿತ್ರದಲ್ಲೂ ಒಂದು ಮಂಜು. ಕಣ್ಣಿನ ಕಾಡಿಗೆ ಕಪ್ಪಾಗಿ ಕಾಣುವ ಬದಲು ಬೂದಿ ಬಣ್ಣ. ಬಲ್ಬಿನಿಂದ ಮೂಲೆಗೆ ಒಂದು ಮಸುಕು ಚುಕ್ಕೆ ಹಾರಿದೆ. ಬಲ್ಬ್ ಚೌಕಟ್ಟಿನ ಹೊರಗೆ ಇದ್ದರೆ ಎಡ ಅಂಗೈಯನ್ನು ಲೆನ್ಸಿನ ಮೇಲೆ ಮಾಡಿನ ಹಾಗೆ ಹಿಡಿದು ಬಚಾವಾಗಬಹುದು. ಹುಡ್ ಬೇರೆಯೇ ಕೊಳ್ಳಬೇಕು, ನಾನು ಕೊಳ್ಳಲಿಲ್ಲ. ಬಲ್ಬ್ ಒಳಗೇ ಇದ್ದರೆ ಹುಡ್ಡೂ ಇಲ್ಲ, ಅಂಗೈಯೂ ಇಲ್ಲ.

ಕಾರಣ ಸರಳ. ಈ ಲೆನ್ಸಿನಲ್ಲಿ 8 ಗಾಜು, ಕೆಲವನ್ನು ಅಂಟಿಸಿ 6 ಗುಂಪು, ಗುಂಪಿಗೆ ಹಿಂದೆ ಮುಂದೆ ಎರಡು ಮೈ. ಅಂದರೆ ಗಾಳಿಗೆ ತೆರೆದ ಮೈ 12. ಬರೀ ಗಾಜಿನ ಒಂದೊಂದು ಮೈಯೂ ನೂರರಲ್ಲಿ ಸುಮಾರು 4 ಪಾಲು ಬೆಳಕನ್ನು ವಾಪಸ್ ಎಸೆಯುತ್ತದೆ. ಒಂದು ಪದರ ಲೇಪ ಕೊಟ್ಟರೆ ಅದು ಒಂದೂವರೆ ಪಾಲಿಗೆ ಇಳಿಯುತ್ತದೆ. ಜರ್ಮನಿಯ ಜೈಸ್ ಕಂಪನಿಯಲ್ಲಿ ಸ್ಮಾಕುಲಾ ಅನ್ನುವವರು 1935ರಲ್ಲಿ ಕಂಡುಕೊಂಡ ಉಪಾಯ ಇದು. ಹಲವು ಪದರ ಕೊಟ್ಟರೆ, ಅಂದರೆ ಎಂಸಿಯಲ್ಲಿ, ಅರ್ಧ ಪಾಲಿಗೂ ಕಮ್ಮಿ. ವಾಪಸ್ ಹೋದ ಬೆಳಕು ಸುಮ್ನೆ ಹೊರಗೆ ಹೋಗಿಬಿಟ್ಟರೆ ತೊಂದರೆ ಇಲ್ಲ. ಅದು ಒಳಗೊಳಗೇ ಪುಟಿದು ಇಡೀ ಫಿಲ್ಮಿನ ಮೇಲೆ ತೆಳುವಾಗಿ ಹರಡುತ್ತದೆ. ಹನ್ನೆರಡು ಮೈ ಸೇರಿದರೆ ಎಷ್ಟಾಯಿತು ನೋಡಿ.

ಇದೆಲ್ಲ ಗೊತ್ತಿದ್ದೂ ಎಸ್‌ಸಿ ಯಾಕೆ ಕೊಂಡೆ ಅಂದರೆ, ಸಿಕ್ಕಿದ್ದು ಅದೇ. ಎಂಸಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಬರಲೇ ಇಲ್ಲ. ಕಪ್ಪುಬಿಳುಪಿನವರಿಗೆ ಎಸ್‌ಸಿ, ಬಣ್ಣದವರಿಗೆ ಎಂಸಿ ಅಂತ ಎಲ್ಲರೂ ಹೇಳುವ ಮಾತನ್ನು ಮನಸ್ಸಿಗೆ ಸಮಾಧಾನಕ್ಕೆ ಇಟ್ಟುಕೊಂಡೆ.

ಎರಡನೇ ಸಿಟ್ಟು ಬೇರೆ. ಎಫ್ 1.4ರಲ್ಲಿ, ಅಂದರೆ ಬೆಳಕಿನ ದ್ವಾರ ಪೂರ್ತಿ ತೆರೆದಾಗ, ಕಣ್ಣು ಸರಿಯಾಗಿ ಬರುತ್ತದೆ. ದ್ವಾರ ಕಿರಿದು ಮಾಡಿ 2.8ಕ್ಕೆ ಇಳಿಸಿದರೆ ಕಿವಿ ಚೂಪು, ಕಣ್ಣು ಮಸುಕು. ಮೊದಲು ನನ್ನ ಕಣ್ಣಿಗೇ ವಯಸ್ಸಾಯಿತು ಅಂದುಕೊಂಡೆ. ಕೊನೆಗೆ ಒಂದು ಭಾನುವಾರ ಜಗಲಿಯಲ್ಲಿ ಹದಿನೈದು ಅಡಿಕೆಯನ್ನು ಓರೆಯಾಗಿ ಸಾಲಿಗೆ ಇಟ್ಟೆ. ಏಳನೆಯದಕ್ಕೆ ಸುಣ್ಣದಲ್ಲಿ ಗುರುತು. ಟ್ರೈಪಾಡ್, ಒಂದು ಮೀಟರ್ ದೂರ, ಏಳನೇ ಅಡಿಕೆಗೆ ಫೋಕಸ್. 1.4ರಲ್ಲಿ ಏಳನೆಯದೇ ಚೂಪು. 2.8ರಲ್ಲಿ ಎಂಟನೆಯದು. 4ರಲ್ಲೂ ಎಂಟನೆಯದರ ಕಡೆಗೇ ಒಲವು. 5.6 ದಾಟಿದ ಮೇಲೆ ಎಲ್ಲವೂ ಚೂಪಿನೊಳಗೆ ಬಂದುಬಿಡುವುದರಿಂದ ಗೊತ್ತಾಗುವುದಿಲ್ಲ. ದ್ವಾರ ಕಿರಿದಾದಂತೆ ಫೋಕಸ್ ಹಿಂದಕ್ಕೆ ಜಾರುವ ಈ ಚಾಳಿ ಮೊದಲ ಆವೃತ್ತಿಯಲ್ಲಿ ಉಂಟು ಅಂತ ಆಮೇಲೆ ತಿಳಿಯಿತು. ಎಂಟು ಫ್ರೇಮ್ ಅಡಿಕೆಗೆ ಹೋಯಿತು. ಫಿಲ್ಮಿನ ಇವತ್ತಿನ ಬೆಲೆಗೆ ಆ ಅಡಿಕೆಗಿಂತ ಅದರ ಫೋಟೊವೇ ದುಬಾರಿ!

ಪರಿಹಾರ ನನ್ನ ಮಟ್ಟಿಗೆ ಸಿಕ್ಕಿತು. 2ರಿಂದ 4ರವರೆಗಿನ ಮೆಟ್ಟಿಲುಗಳು ಇಲ್ಲವೇ ಇಲ್ಲ ಅಂತ ಬದುಕುವುದು. ರಾತ್ರಿ 1.4, ಹಗಲು 8. ನನಗೆ ಸಾಕು. ಮದುವೆ ಫೋಟೊ ತೆಗೆಯುವವರಿಗೆ ಸಾಲದು. ಅವರು ಈ ಮೊದಲ ಆವೃತ್ತಿಯನ್ನು ಮುಟ್ಟಲೇ ಬಾರದು.

ಬಳಸುವ ಖುಷಿ ಮಾತ್ರ ಬೇರೆಯೇ. ಲೆನ್ಸಿನ ಕೆಳಗೆ ಬೆರಳಿಗೆ ಒಂದು ಸಣ್ಣ ಕೊಂಬು ಇದೆ. ಅದು ಎಲ್ಲಿದ್ದರೆ ಎಷ್ಟು ದೂರ ಅಂತ ಈಗ ಬೆರಳಿಗೇ ಗೊತ್ತು. ಕಣ್ಣಿಗೆ ಏರಿಸುವ ಮೊದಲೇ ಮುಕ್ಕಾಲು ಪಾಲು ಫೋಕಸ್ ಆಗಿರುತ್ತದೆ. ಅದು ಬೇಕೂ ಬೇಕು. ಬೆಸ್ಸಾದಲ್ಲಿ ದೂರ ಅಳೆಯುವ ರೇಂಜ್‌ಫೈಂಡರಿನ ತಳ (ಎರಡು ಕಿಂಡಿಗಳ ನಡುವಿನ ಅಂತರ) 37 ಎಂ.ಎಂ., ವ್ಯೂಫೈಂಡರ್ 0.7 ಪಟ್ಟು. ಗುಣಿಸಿದರೆ 26 ಎಂ.ಎಂ. ಇದು ಹೆಚ್ಚಿದ್ದಷ್ಟೂ ಫೋಕಸ್ ನಿಖರ. ಲೈಕಾ ಎಂ6ರಲ್ಲಿ ಇದು ಸುಮಾರು 50. 1.4ರಲ್ಲಿ ಒಂದು ಮೀಟರ್ ದೂರಕ್ಕೆ ಚೂಪಾಗಿ ಕಾಣುವ ದಪ್ಪ ಏಳು ಸೆಂಟಿಮೀಟರ್, ಅಷ್ಟೇ. ಕನ್ನಡಿಯಲ್ಲಿ ಕಾಣುವ ಮುಖ ತೆಗೆಯುವಾಗಲಂತೂ ಮರೆತು ಕನ್ನಡಿಯ ಚೌಕಟ್ಟಿಗೆ ಫೋಕಸ್ ಮಾಡಿದರೆ ಕೆಟ್ಟಿತು. ಮುಖ ಇರುವುದು ಕನ್ನಡಿಯ ಆಚೆ, ಕಲಾವಿದರು ಈಚೆ ಎಷ್ಟು ದೂರವೋ ಆಚೆ ಅಷ್ಟೇ ದೂರ. ಒಂದು ಇಡೀ ರೋಲ್ ಕಳೆದ ಮೇಲೆ ಕಲಿತ ಪಾಠ.

ಇನ್ನು ನಮ್ಮ ಮಳೆ. ಜೂನ್ ಬಂದರೆ ಲೆನ್ಸಿಗೆ ಬೂಸಲು. ನನ್ನ ಹಳೆಯ ರಷ್ಯನ್ ಲೆನ್ಸ್ ಜ್ಯುಪಿಟರ್ ಹೋದದ್ದು ಹಾಗೆಯೇ, ಗಾಜಿನೊಳಗೆ ಜೇಡರಬಲೆ ಕಟ್ಟಿದ ಹಾಗೆ. ನಾಕ್ಟನ್ ಈಗ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಜೊತೆಗೆ ಒಂದು ಬಟ್ಟೆ ಗಂಟಿನಲ್ಲಿ ನೀಲಿ ಸಿಲಿಕಾ ಜೆಲ್. ಪಸೆ ಕುಡಿದು ಅದು ಗುಲಾಬಿ ಆದರೆ ಒಲೆಯ ಮೇಲೆ ಕಾವಲಿಯಲ್ಲಿ ಹುರಿಯುವುದು, ಮತ್ತೆ ನೀಲಿ. ದೋಸೆ ಕಾವಲಿ ಅಲ್ಲ, ಅಷ್ಟು ಧೈರ್ಯ ನನಗಿಲ್ಲ. ತೂತು ಬಿದ್ದ ಹಳೆಯದು. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಇದು ನಡೆಯಲೇಬೇಕು. ಬಿಸಿಲು ಬಂದ ಮಧ್ಯಾಹ್ನ ಲೆನ್ಸನ್ನು ಅಂಗಳದಲ್ಲಿ ಮಣೆಯ ಮೇಲೆ ಆಕಾಶಕ್ಕೆ ಮುಖ ಮಾಡಿ ಅರ್ಧ ಗಂಟೆ ಇಡುತ್ತೇನೆ, ಹಪ್ಪಳದ ಪಕ್ಕದಲ್ಲಿ. ಆರು ವರ್ಷದಲ್ಲಿ ಬೂಸಲು ಇಲ್ಲ.

ಮೇ ಕೊನೆಯ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆ, ಒಟ್ಟು ಮಾಡಿಟ್ಟ ರೋಲುಗಳನ್ನು ಬಚ್ಚಲಲ್ಲಿ ನಾನೇ ತೊಳೆಯುತ್ತೇನೆ. ಬಾವಿ ನೀರೇ 27 ಡಿಗ್ರಿ ಇರುತ್ತದೆ, ಬೇಕಾದ್ದು 20. ಬಕೆಟಿಗೆ ಐಸ್ ತುಂಡು.

ಈಗ ಭಾವನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿರುವ ನನ್ನ ಭಾವ ಹೋದ ವರ್ಷ ಇದೇ ಲೆನ್ಸಿನ ಎರಡನೇ ಆವೃತ್ತಿ ಕೊಂಡರು, ಎಂಸಿ, ಹೊಸತು. ಊರಲ್ಲಿ ಅವರ ಮನೆಯ ಹರಕೆಯ ಯಕ್ಷಗಾನ ಆಟಕ್ಕೆ ಬರುವಾಗ ತಂದಿದ್ದರು. ತೋಟದಲ್ಲೇ ಮೊದಲ ಸುತ್ತು ನಾನು ಸೋತೆ. ನನ್ನ ಲೆನ್ಸಿನಲ್ಲಿ ಚೌಕಟ್ಟಿನ ಅಂಚಿಗೆ ಬಂದ ಅಡಿಕೆಮರ ಹೊರಕ್ಕೆ ಬಾಗುತ್ತದೆ, ಎರಡು ಬದಿಯ ಮರಗಳೂ ಸೇರಿ ತೋಟ ಒಂದು ಪೀಪಾಯಿ. ಅವರದರಲ್ಲಿ ಮರ ನೆಟ್ಟಗೆ. ಎರಡನೇ ಆವೃತ್ತಿಯಲ್ಲಿ ಈ ಬಾಗನ್ನು ತಿದ್ದಿದ್ದಾರೆ. ಬಣ್ಣದ ಫಿಲ್ಮಿನಲ್ಲಿ ಎರಡನೇ ಸುತ್ತೂ ಸೋತೆ, ಅದನ್ನು ವಿವರಿಸುವುದು ಬೇಡ.

ರಾತ್ರಿ ಚೌಕಿಯಲ್ಲಿ ಒಂದೇ ರೋಲಿನಲ್ಲಿ ಲೆನ್ಸ್ ಬದಲಿಸಿ ಬದಲಿಸಿ ತೆಗೆದೆವು. ಕೂತ ಜಾಗ ಅದೇ, ಬಲ್ಬ್ ಅದೇ, ಬಣ್ಣದ ವೇಷದವರ ಮುಖವೂ ಅದೇ. ಮೂರು ದಿನ ಬಿಟ್ಟು ತೊಳೆದೆ. ಅಷ್ಟರಲ್ಲಿ ಬೆಂಗಳೂರಿಗೆ ವಾಪಸ್ ಹೋಗಿದ್ದ ಭಾವನಿಗೆ ಸ್ಕ್ಯಾನ್ ಕಳಿಸಿದೆ. ಒಂದು ನಿಮಿಷದಲ್ಲಿ ಫೋನ್.

“ಭಾವ, ನಿಮ್ಮದರಲ್ಲಿ ಎಂತ ಇದು, ಹೊಗೆ ಹಾಕಿದ ಹಾಗೆ?”

“ಹೊಗೆ ಹೌದು. ಆದರೆ ಎಡಗೆನ್ನೆ ನೋಡಿ.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

ಅವರ ಎಂಸಿಯಲ್ಲಿ ಬಲ್ಬಿನ ಕಡೆಯ ಗೆನ್ನೆ ಎಷ್ಟು ಚೆಂದ ಅಂದರೆ ಹೊಟ್ಟೆಕಿಚ್ಚು ಆಗುವಷ್ಟು. ಕಾಡಿಗೆ ಕಪ್ಪೆಂದರೆ ಕಪ್ಪು. ಆದರೆ ನೆರಳಿನ ಕಡೆಯ ಗೆನ್ನೆ ಇಲ್ಲವೇ ಇಲ್ಲ, ಅಲ್ಲಿ ಬರೀ ಕತ್ತಲೆ. ನನ್ನದರಲ್ಲಿ ಕಾಡಿಗೆ ಬೂದಿ, ನಿಜ. ಆದರೆ ನೆರಳಿನಲ್ಲೂ ಚುಟ್ಟಿಯ ಒಂದೊಂದು ಚುಕ್ಕಿಯನ್ನೂ ಎಣಿಸಬಹುದು. ಫಿಲ್ಮಿಗೆ ಒಂದು ಹೊಸ್ತಿಲು ಇರುತ್ತದೆ. ಅದಕ್ಕಿಂತ ಕಮ್ಮಿ ಬೆಳಕು ಬಿದ್ದರೆ ಏನೂ ದಾಖಲಾಗುವುದಿಲ್ಲ. ಪುಶ್ ಮಾಡಿದ ಫಿಲ್ಮಿನಲ್ಲಿ ನೆರಳೆಲ್ಲ ಆ ಹೊಸ್ತಿಲಿನ ಕೆಳಗೇ ಉಳಿಯುವುದು. ನಾನು ಐದು ವರ್ಷ ಬೈದ ಆ ಮಂಜೇ ನೆರಳನ್ನು ಹೊಸ್ತಿಲು ದಾಟಿಸಿತ್ತು. 1600ಕ್ಕೆ ಪುಶ್ ಮಾಡದೆ, 400ರಲ್ಲೇ ತೆಗೆಯುವವರಿಗೆ ಈ ಲಾಭ ಇಷ್ಟು ಕಾಣಲಿಕ್ಕಿಲ್ಲ, ಡಿಜಿಟಲ್‌ನವರಿಗೆ ಇನ್ನೂ ಕಮ್ಮಿ.

ಹಾಗಾದರೆ ಯಾವುದು ಕೊಳ್ಳಬೇಕು? ಒಂದೇ ಲೆನ್ಸ್, ಬಣ್ಣ ಮತ್ತು ಹಗಲು ಜಾಸ್ತಿ ಅಂತಾದರೆ ಎರಡನೇ ಆವೃತ್ತಿಯ ಎಂಸಿ, ಯೋಚನೆಯೇ ಬೇಡ. ಎರಡನೇ ಆವೃತ್ತಿ ಎಸ್‌ಸಿಯಲ್ಲೂ ಬರುತ್ತದೆ. ದುಡ್ಡಿದ್ದಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ, ಮರವೂ ನೆಟ್ಟಗೆ, ಮಂಜೂ ಉಂಟು. ಆದರೆ ಈ ಸಲ ಮದ್ದು ಬಿಡಲು ಮಳೆ ಪುರುಸೊತ್ತು ಕೊಡಲಿಲ್ಲ, ಅರ್ಧ ತೋಟಕ್ಕೆ ಕೊಳೆರೋಗ. ಇನ್ನೊಂದು ಗೋಣಿಯ ಮಾತು ಮನೆಯಲ್ಲಿ ಎತ್ತುವ ಹಾಗಿಲ್ಲ.

ಆ ರಾತ್ರಿಯ ಚಿತ್ರ ಎರಡನ್ನೂ ಪ್ರಿಂಟ್ ಹಾಕಿಸಿ ಆ ಕಲಾವಿದರಿಗೆ ಕೊಟ್ಟು ಬರಲು ಹೋಗಿದ್ದೆ. ಭಾವನ ಚಿತ್ರ ನೋಡಿ “ಲಾಯ್ಕ ಬಂದಿದೆ ಮಾಷ್ಟ್ರೇ” ಅಂತ ಪಕ್ಕಕ್ಕಿಟ್ಟರು. ನನ್ನದನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಉಗುರಿನಿಂದ ಎಡಗೆನ್ನೆಯ ಮೇಲೆ ಒಂದು ಗೆರೆ ಎಳೆದು ತೋರಿಸಿದರು.

“ಇಲ್ಲಿ ಮೂರನೇ ಸಾಲು ಓರೆ ಹೋಗಿದೆಯಲ್ಲ ಮಾರಾಯ್ರೆ. ಅವತ್ತು ಕನ್ನಡಿಯಲ್ಲಿ ನನಗೆ ಕಾಣಲೇ ಇಲ್ಲ.”