ಮೈಸೂರಿನ ಗ್ರಾಫಿಟಿ ಲೆಟರಿಂಗ್ ವರ್ಕ್‌ಶಾಪ್: ಏನು ಚೆನ್ನಾಗಿದೆ, ಏನು ಸರಿಹೋಗ್ಬೇಕು

ಈ ಬೇಸಿಗೆ ರಜೇಲಿ ಮೈಸೂರಲ್ಲಿ ನಡೆದ ಗ್ರಾಫಿಟಿ ಲೆಟರಿಂಗ್ (ಗೋಡೆ ಮೇಲೆ ಬಣ್ಣದಲ್ಲಿ ಬರೆಯೋ ಥರದ ದೊಡ್ಡ ಅಲಂಕಾರದ ಅಕ್ಷರಗಳು) ವರ್ಕ್‌ಶಾಪ್‌ಗೆ ನನ್ನ ಮಗಳನ್ನ ಸೇರಿಸಿದ್ದೆ. ಆರನೇ ಕ್ಲಾಸಿಂದ ಹತ್ತನೇ ಕ್ಲಾಸಿನ ತನಕದ ಮಕ್ಕಳಿಗೆ, ಫೀಸು ಮೂರು ಸಾವಿರದ ಆಸುಪಾಸು, ಪೇಪರ್ರು ಮಾರ್ಕರ್ರು ಎಲ್ಲಾ ಅವರದ್ದೇ. ಬ್ಯಾಚ್ ಚಿಕ್ಕದಾಗೇ ಇರ್ಲಿ, ಪ್ರಚಾರ ಬೇಡ ಅಂತ ನಡೆಸೋರೇ ಕೇಳ್ಕೊಂಡಿದಾರೆ, ಅದಕ್ಕೆ ಹೆಸರು ಹಾಕ್ತಿಲ್ಲ. ಆದ್ರೂ ಇಂಥ ಕ್ಲಾಸಿಗೆ ಮಕ್ಕಳನ್ನ ಸೇರಿಸೋ ಮುಂಚೆ ಏನೇನು ನೋಡ್ಬೇಕು ಅನ್ನೋದು ಬೇರೆ ಊರಿನ ಅಪ್ಪ ಅಮ್ಮಂದಿರಿಗೂ ಉಪಯೋಗಕ್ಕೆ ಬರುತ್ತೆ ಅಂತ ಸ್ವಲ್ಪ ವಿವರವಾಗೇ ಬರೀತಿದೀನಿ.

ನಂಗೆ ಮೊದಲು ಇಷ್ಟ ಆಗಿದ್ದು ಕಲಿಸೋ ಕ್ರಮ. ಶುರುವಲ್ಲಿ ಬಣ್ಣ ಮುಟ್ಟೋಕೇ ಬಿಡಲ್ಲ, ಬರೀ ಪೆನ್ಸಿಲ್ಲು ರಬ್ಬರ್ರು. ಅಕ್ಷರಾನ ಒಂದೇ ತೆಳು ಗೆರೇಲಿ ಬರೀಬೇಕು, ಅದನ್ನ ಸರ್ ಅಕ್ಷರದ ಮೂಳೆ ಅಂತಾರೆ, ಆಮೇಲೆ ಆ ಗೆರೆಯ ಎರಡೂ ಕಡೆ ಒಂದೇ ದಪ್ಪ ಬರೋ ಹಾಗೆ ಸುತ್ತಾ ಗೆರೆ ಎಳ್ದು ಒಳಗಿನ ಮೂಳೆ ಅಳಿಸ್ಬೇಕು, ಅಲ್ಲಿಗೆ ಅಕ್ಷರಕ್ಕೆ ಮೈ ಬರುತ್ತೆ. ಇದು ಕೈಗೆ ಕೂತ ಮೇಲೇನೇ ಫಿಲ್ (ಒಳಗೆ ಬಣ್ಣ ತುಂಬೋದು), ಔಟ್‌ಲೈನ್, ಶ್ಯಾಡೋ, ಹೈಲೈಟ್ (ಬೆಳಕು ಬಿದ್ದು ಹೊಳೆದ ಹಾಗೆ ಕಾಣೋ ಗೆರೆ). ಶ್ಯಾಡೋ ವಿಷಯದಲ್ಲಂತೂ ಸರ್ ತುಂಬಾ ಸ್ಟ್ರಿಕ್ಟು, ಬೆಳಕು ಎಡಗಡೆ ಮೇಲಿಂದ ಬೀಳ್ತಿದೆ ಅಂದ್ರೆ ಎಲ್ಲಾ ಅಕ್ಷರದ ನೆರಳೂ ಬಲಗಡೆ ಕೆಳಗೇ ಬೀಳ್ಬೇಕು, ಒಂದು ತಪ್ಪಿದ್ರೂ ಇಡೀ ಪದ ಒಡೆದ ಹಾಗೆ ಕಾಣುತ್ತೆ ಅಂತ ಮಕ್ಕಳಿಗೇ ಎರಡು ಹಾಳೆ ಪಕ್ಕಪಕ್ಕ ಇಟ್ಟು ತೋರಿಸಿದ್ರು. ಯೂಟ್ಯೂಬ್ ನೋಡ್ಕೊಂಡು ಮನೇಲೇ ಮಾಡೋ ಮಕ್ಕಳು ಸೀದಾ ಬಾಣ, ಹೊಗೆ, ಕಿರೀಟ ಹಾಕೋಕೆ ಹೋಗ್ತಾರೆ, ಅಕ್ಷರಾನೇ ಸರಿ ಇರಲ್ಲ. ಇಲ್ಲಿ ಹಾಗಾಗ್ಲಿಲ್ಲ.

ಮಧ್ಯ ಮಧ್ಯ ಕಥೆಗಳೂ ಇರ್ತಿದ್ವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1960ರ ದಶಕದ ಕೊನೇಲಿ ಕಾರ್ನ್‌ಬ್ರೆಡ್ ಅನ್ನೋ ಹೆಸರಲ್ಲಿ ಗೋಡೆಗಳ ಮೇಲೆ ಬರೀತಿದ್ದ ಹುಡುಗ, ನ್ಯೂಯಾರ್ಕಲ್ಲಿ ಟಾಕಿ 183 ಅಂತ ಬರೀತಿದ್ದ 183ನೇ ಬೀದಿಯ ಹುಡುಗ, ಅವನ ಬಗ್ಗೆ 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆ ಊರ ತುಂಬಾ ಹುಡುಗರು ತಮ್ಮ ಹೆಸರು ಬರೆಯೋಕೆ ಶುರು ಮಾಡಿದ್ದು, ಆಮೇಲೆ ಫೇಸ್ 2 ಅನ್ನೋರು ಉಬ್ಬಿದ ಬಬಲ್ ಅಕ್ಷರ ತಂದಿದ್ದು, ಅಲ್ಲಿಂದ ಮುಂದೆ ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು ಹೊರಗಿನವರಿಗೆ ಓದೋಕೇ ಆಗದ ವೈಲ್ಡ್‌ಸ್ಟೈಲ್ ಬೆಳೆದಿದ್ದು. ಟ್ಯಾಗ್, ಥ್ರೋ-ಅಪ್, ಪೀಸ್ ಮೂರಕ್ಕೂ ವ್ಯತ್ಯಾಸ ಏನು ಅಂತ ಈಗ ನನ್ನ ಮಗಳು ನಂಗೇ ಹೇಳ್ಕೊಡ್ತಾಳೆ. ಟ್ಯಾಗ್ ಅಂದ್ರೆ ಒಂದೇ ಬಣ್ಣದಲ್ಲಿ ಸರ್ರಂತ ಹಾಕೋ ಸಹಿ, ಥ್ರೋ-ಅಪ್ ಅಂದ್ರೆ ಒಂದೆರಡು ಬಣ್ಣದಲ್ಲಿ ಬೇಗ ಮುಗಿಸೋ ಉಬ್ಬಕ್ಷರ, ಪೀಸ್ ಅಂದ್ರೆ ಪುರುಸೊತ್ತಾಗಿ ಮಾಡೋ ಪೂರ್ತಿ ಚಿತ್ರ.

ಹಾಗಾದ್ರೆ ನಾವೂ ಗೋಡೆ ಮೇಲೆ ಬರೀಬಹುದಾ ಸರ್ ಅಂತ ಒಬ್ಬ ಹುಡುಗ ಕೇಳಿದ್ದಕ್ಕೆ ಅವರು ಜಾರಿಕೊಳ್ಳದೆ ನೇರವಾಗಿ ಉತ್ತರ ಕೊಟ್ರು. ಸಾರ್ವಜನಿಕ ಜಾಗ ವಿರೂಪ ಮಾಡಬಾರದು ಅಂತ ಕರ್ನಾಟಕದಲ್ಲಿ 1981ರಿಂದಲೂ ಕಾಯ್ದೆ ಇದೆ, ಗೋಡೆ ಯಾರದ್ದೋ ಅವರನ್ನ ಕೇಳಿ ಒಪ್ಪಿಸಿ ಬರೀಬೇಕು, ಒಪ್ಪಿಸೋದೂ ಈ ಕೆಲಸದ ಭಾಗಾನೇ ಅಂದ್ರು. ಮಕ್ಕಳ ಮುಂದೆ ಇದನ್ನ ಹೀಗೆ ಬಿಡಿಸಿ ಹೇಳೋರು ಬೇಕು.

ಈಗ ಅಸಲಿ ವಿಷಯ, ಕನ್ನಡ. ಮೊದಲ ಅರ್ಧ ಪೂರ್ತಿ ಇಂಗ್ಲಿಷ್ ಅಕ್ಷರಗಳಲ್ಲೇ ಹೋಯ್ತು, ಪ್ರಿಂಟ್ ತೆಗೆದ ಎ ಟು ಝಡ್ ಹಾಳೆ ನೋಡ್ಕೊಂಡು ಅಭ್ಯಾಸ. ಕನ್ನಡ ಬಂದಿದ್ದು ಆಮೇಲೆ, ಬಂದ ತಕ್ಷಣ ಇಡೀ ಕ್ಲಾಸಿನ ಮುಖಾನೇ ಬೇರೆ ಆಯ್ತು. ಯಾಕಂದ್ರೆ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳೆಲ್ಲಾ ಒಂದೇ ಎತ್ತರಕ್ಕೆ ಸಾಲಾಗಿ ನಿಲ್ತವೆ, ಗ್ರಾಫಿಟಿಯ ಪಟ್ಟುಗಳೆಲ್ಲಾ ಹುಟ್ಟಿದ್ದೂ ಅದಕ್ಕೇನೇ, ನಮ್ಮ ಅಕ್ಷರ ಹಾಗಲ್ಲ, ಮೇಲೆ ತಲೆಕಟ್ಟು, ಪಕ್ಕಕ್ಕೆ ಕೊಂಬು ದೀರ್ಘ, ಕೆಳಗೆ ಒತ್ತು, ನಾಲ್ಕೂ ಕಡೆ ಕೈಕಾಲು ಚಾಚಿಕೊಂಡಿರುತ್ತೆ. ನೋಡಿದ್ದನ್ನ ಕಾಪಿ ಮಾಡಿದ್ರೆ ನಡೆಯಲ್ಲ, ಪ್ರತಿ ಪದಕ್ಕೂ ಹೊಸದಾಗಿ ತಲೆ ಓಡಿಸ್ಬೇಕು. ನನ್ನ ಮಗಳು ಆರಿಸ್ಕೊಂಡಿದ್ದು ‘ಚುಕ್ಕಿ’ ಅನ್ನೋ ಪದ. ಕ ಒತ್ತನ್ನ ಎಲ್ಲಿ ಇಡೋದು ಅಂತ ತುಂಬಾ ಹೊತ್ತು ಒದ್ದಾಡಿದ್ಲು, ಚಿಕ್ಕದಾಗಿ ಇಟ್ರೆ ಅಕ್ಷರದಿಂದ ಕಳಚಿ ಬಿದ್ದ ಹಾಗಿತ್ತು, ಕೊನೆಗೆ ಅದನ್ನೇ ಉದ್ದಕ್ಕೆ ಎಳೆದು ಇಡೀ ಪದ ಕೂರೋ ಪೀಠದ ಥರ ಮಾಡಿ ತುದೀಲಿ ಬಾಣ ತಿರುಗಿಸಿದ್ಲು. ಚೆಂದ ಅಂದ್ರೆ ಚೆಂದ.

ಪಕ್ಕದ ಹುಡುಗ ‘ಪವನ’ ಅಂತ ಬರೆದಿದ್ದ. ಬಬಲ್ ಸ್ಟೈಲಲ್ಲಿ ಉಬ್ಬಿಸ್ತಾ ಹೋದ ಹಾಗೆ ಪ ಅಕ್ಷರದ ಮೇಲಿನ ಸಂದು ಮುಚ್ಚಿಹೋಗಿ ಅದು ವ ಆಗಿಬಿಡ್ತು, ಪದ ‘ವವನ’. ಸರ್ ಅದನ್ನೇ ಬೋರ್ಡ್ ಮೇಲೆ ಹಾಕಿ ಪ, ವ, ಷ, ಮ ನಾಲ್ಕೂ ಬರೆದು ಯಾವ ಸಂದು ಮುಚ್ಚಿದ್ರೆ ಯಾವ ಅಕ್ಷರ ಸಾಯುತ್ತೆ, ಯಾವ ಭಾಗ ಎಷ್ಟು ಬೇಕಾದ್ರೂ ಊದಿಸಬಹುದು ಅಂತ ಮಕ್ಕಳ ಕೈಲೇ ಹುಡುಕಿಸಿದ್ರು. ಒಂದನೇ ಕ್ಲಾಸಲ್ಲಿ ತಿದ್ದಿದ ಮೇಲೆ ಯಾರೂ ತಿರುಗಿ ನೋಡದ ಅಕ್ಷರಗಳನ್ನ ಎಂಟನೇ ಕ್ಲಾಸಿನ ಮಕ್ಕಳು ಇಷ್ಟು ಹತ್ತಿರದಿಂದ ನೋಡಿ ಜಗಳ ಆಡಿದ್ದು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಮಟ್ಟಿಗೆ ಕೊಟ್ಟ ದುಡ್ಡು ಆ ಒಂದೇ ಪಾಠಕ್ಕೆ ಸಂದಾಯ ಆಯ್ತು.

ದೇವರಾಜ ಮಾರ್ಕೆಟ್ ಕಡೆ ಕರ್ಕೊಂಡು ಹೋಗಿ ಕೈಯಲ್ಲಿ ಬರೆದ ಹಳೇ ಅಂಗಡಿ ಬೋರ್ಡುಗಳನ್ನೂ ತೋರಿಸಿದ್ರಂತೆ. ಚಾಕ್ ಪುಡಿ ಹಚ್ಚಿದ ದಾರ ಬಿಗಿಯಾಗಿ ಹಿಡಿದು ಚಟ್ ಅಂತ ಬಿಟ್ಟು ಗೆರೆ ಮೂಡಿಸೋದು, ಚಪ್ಪಟೆ ಬ್ರಶ್ಶು, ಎನಾಮೆಲ್ ಪೇಂಟು, ಕೆಂಪಕ್ಷರಕ್ಕೆ ಹಳದಿ ನೆರಳು, ಇದೆಲ್ಲಾ ನಮ್ಮ ಬೋರ್ಡ್ ಬರೆಯೋ ಆರ್ಟಿಸ್ಟುಗಳು ಯಾವ ನ್ಯೂಯಾರ್ಕೂ ನೋಡದೇ ಮಾಡ್ಕೊಂಡು ಬಂದಿದ್ದು. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದ ಮೇಲೆ ಬೋರ್ಡಲ್ಲಿ ಶೇ. 60 ಕನ್ನಡ ಇರಲೇಬೇಕು, ಸಂತೋಷ, ಆದ್ರೆ ಹೆಚ್ಚಿನ ಕಡೆ ಅದೇ ನಾಲ್ಕೈದು ಫಾಂಟು, ಅದೇ ಫ್ಲೆಕ್ಸು. ಈ ಮಕ್ಕಳಲ್ಲಿ ಒಂದಿಬ್ರಾದ್ರೂ ಮುಂದೆ ಅಕ್ಷರ ವಿನ್ಯಾಸಕ್ಕೆ ಬರಲಿ ಅಂತ ನಂಗೆ ನಿಜವಾಗ್ಲೂ ಆಸೆ.

ಇನ್ನು ಸರಿಹೋಗ್ಬೇಕಾದ್ದು. ದೊಡ್ಡದು ಸ್ಪ್ರೇ ಕ್ಲಾಸು. ಕೊನೇಲಿ ಪ್ಲೈವುಡ್ ಹಲಗೆ ಮೇಲೆ ಸ್ಪ್ರೇ ಕ್ಯಾನಲ್ಲಿ ಮಾಡಿಸಿದ್ರು, ಟೆರೇಸ್ ಮೇಲೇನೋ ಸರಿ, ಆದ್ರೆ ಮೇಲೆ ಶೀಟು ಹೊದಿಸಿ ಎರಡು ಕಡೆ ಗೋಡೆ ಇರೋ ಜಾಗ, ಗಾಳಿ ಆಡೋದು ಕಮ್ಮಿ, ಮಕ್ಕಳಿಗೆ ಕೊಟ್ಟಿದ್ದು ಮಾಮೂಲಿ ಎನ್95 ಮಾಸ್ಕು. ಎನ್95 ಬಣ್ಣದ ತುಂತುರನ್ನ ತಡೆಯುತ್ತೆ, ಆದ್ರೆ ಸಾಲ್ವೆಂಟ್ (ಬಣ್ಣ ಕರಗಿಸೋ ದ್ರವ) ಆವಿ ಅದರೊಳಗೆ ಹಾಯ್ದು ಬರುತ್ತೆ, ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ಇಂಥ ಆವಿ ಹೀರೋ ಫಿಲ್ಟರ್) ಇರೋ ಮಾಸ್ಕೇ ಬೇಕು. ನಾನು ಹೇಳಿದ ಮೇಲೆ ಚಿಕ್ಕ ಮಕ್ಕಳಿಗೆ ಬ್ರಶ್ಶು, ಪೇಂಟ್ ಮಾರ್ಕರ್ ಕೊಟ್ಟು ದೊಡ್ಡವರನ್ನ ಮಾತ್ರ ಪೂರ್ತಿ ಬಯಲಿಗೆ ಕಳಿಸಿದ್ರು, ಕೇಳಿಸ್ಕೊಂಡ್ರು ಅನ್ನೋದು ಒಳ್ಳೇದೇ, ಆದ್ರೂ ಯಾರೂ ಹೇಳೋ ಮುಂಚೆನೇ ಆ ವ್ಯವಸ್ಥೆ ಇರಬೇಕಿತ್ತು. ನೀವು ಎಲ್ಲೇ ಸೇರಿಸಿದ್ರೂ ಇದೊಂದನ್ನ ಮೊದಲೇ ಕೇಳಿ. ಎರಡನೇದು, ಕೊನೇಲಿ ಮಕ್ಕಳ ಕೆಲಸದ ಪ್ರದರ್ಶನ ಇತ್ತು, ಅದರ ಹಿಂದಿನ ದಿನ ಮಕ್ಕಳ ಔಟ್‌ಲೈನ್ ಮೇಲೆ ಅಸಿಸ್ಟೆಂಟ್‌ಗಳು ಕೈಯಾಡಿಸಿ ನೀಟ್ ಮಾಡಿದ್ರು. ಅದು ಬೇಡ. ಮಗು ಎಳೆದ ಗೆರೆ ನಡುಗಿದ್ರೆ ನಡುಗಿದ ಹಾಗೇ ಗೋಡೆ ಮೇಲೆ ಇರಲಿ.

ಮನೇಲಿ ಮುಂದುವರಿಸೋಕೆ ಜಾಸ್ತಿ ಖರ್ಚೇನೂ ಬೇಡ. ಎ3 ಸ್ಕೆಚ್ ಬುಕ್ಕು, ಎಚ್‌ಬಿ ಪೆನ್ಸಿಲ್ಲು, ಮಾಮೂಲಿ ಸ್ಕೆಚ್ ಪೆನ್ನು ಸಾಕು. ಪೇಂಟ್ ಮಾರ್ಕರ್ ತಗೊಳ್ಳೋದಾದ್ರೆ ನೀರು ಬೇಸ್ ಇರೋದನ್ನೇ ತಗೊಳ್ಳಿ, ಯೂನಿ ಪೋಸ್ಕಾ ಪಿಸಿ-5ಎಂ ನಮ್ಮನೇಲಿದೆ, ಗೆರೆ 1.8ರಿಂದ 2.5 ಮಿ.ಮೀ. ಬರುತ್ತೆ, ವಾಸನೆ ಇಲ್ಲ, ಕಪ್ಪು ಬಣ್ಣದ ಮೇಲೂ ಬಿಳಿ ಚೆನ್ನಾಗಿ ಕೂರುತ್ತೆ, ಹೈಲೈಟಿಗೆ ಅದೊಂದು ಬಿಳಿ ಇದ್ರೆ ಸಾಕು. ಬೆಲೆ ಜಾಸ್ತಿ, ಹಾಗಾಗಿ ಸೆಟ್ ತಗೊಳ್ದೆ ಬಿಳಿ, ಕಪ್ಪು ಬಿಡಿಯಾಗಿ ತಗೊಳ್ಳಿ.

ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಳೆದಿದ್ದು ಸ್ಪ್ರೇ ಕ್ಲಾಸಿಗೆ. ದಸರಾ ರಜೇಲಿ ಇನ್ನೊಂದು ಬ್ಯಾಚ್ ಇದೆಯಂತೆ, ಈ ಸಲ ಮೊದಲ ದಿನಾನೇ ಕನ್ನಡದಿಂದ ಶುರು ಮಾಡಿ ಸರ್ ಅಂತ ಕೇಳಿದೀನಿ, ಎ ಟು ಝಡ್ ಹಾಳೆ ಥರಾನೇ ಅ ಇಂದ ಳ ತನಕ ಮೂಳೆ ಹಾಳೆ ರೆಡಿ ಮಾಡ್ತಿದೀನಿ ಅಂದ್ರು, ಒತ್ತಕ್ಷರಕ್ಕೆ ಬೇರೆನೇ ಹಾಳೆಯಂತೆ. ಮಗಳು ಈಗಾಗ್ಲೇ ಹೆಸರು ಕೊಟ್ಟಾಗಿದೆ.