ಬಟನ್ ಒತ್ತಿದರೆ ಸಾಕಾ? ಮೂರು ದೇಶಗಳ ರೈಲು ಅಲಾರಂ, ಮೂರು ತಿಂಗಳ ಓಡಾಟ

ಮಲ್ಲೇಶ್ವರದಲ್ಲಿ ನಮ್ಮ ಮನೆಗೆ ಹತ್ತಿರವೇ ಹಳಿ. ರಾತ್ರಿ ಯಶವಂತಪುರದ ಕಡೆ ಹೋಗುವ ಗಾಡಿ ಹಾರ್ನ್ ಹೊಡೆಯುವ ಹೊತ್ತಿಗೆ ನಾನೂ ಕಂಪ್ಯೂಟರ್ ಮುಂದೆ ಒಂದು ಗಾಡಿ ಓಡಿಸುತ್ತಿರುತ್ತೇನೆ. ಮೂರು ತಿಂಗಳಿಂದ ಒಂದೇ ಹಟ. ಬ್ರಿಟನ್, ಪೋಲೆಂಡ್, ಜರ್ಮನಿ, ಈ ಮೂರೂ ದೇಶಗಳ ಗಾಡಿಗಳನ್ನು ಸುರಕ್ಷತಾ ಅಲಾರಂ ಆನ್ ಮಾಡಿಕೊಂಡೇ ಓಡಿಸಬೇಕು. ಟ್ರೈನ್ ಸಿಮ್ ವರ್ಲ್ಡ್ ಅನ್ನುವ ರೈಲು ಓಡಿಸುವ ಆಟದಲ್ಲಿ ನಾನು ಓಡಿಸಿದ ಹೆಚ್ಚಿನ ಗಾಡಿಗಳಲ್ಲಿ ಅವು ಮೊದಲು ಆಫ್ ಇರುತ್ತವೆ. ಹಾಗೇ ಓಡಿಸಿದರೆ ಆರಾಮ. ಆದರೆ ಅದು ರೈಲು ಓಡಿಸಿದ ಹಾಗೆ ಆಗಲ್ಲ.

ಮೊದಲು ಬ್ರಿಟನ್. ಲಂಡನ್ ಪ್ಯಾಡಿಂಗ್ಟನ್‌ನಿಂದ ರೆಡಿಂಗ್‌ವರೆಗಿನ ರೂಟ್ ತೆಗೆದುಕೊಂಡೆ. ಅಲ್ಲಿನ ಎಡಬ್ಲ್ಯುಎಸ್, ಮುಂದಿನ ಸಿಗ್ನಲ್ ಬಗ್ಗೆ ಡ್ರೈವರ್‌ನನ್ನು ಸದ್ದು ಮಾಡಿ ಎಚ್ಚರಿಸುವ, 1950ರ ದಶಕದಿಂದ ಇರುವ ವ್ಯವಸ್ಥೆ. ಸಿಗ್ನಲ್‌ಗೆ ಸುಮಾರು 180 ಮೀಟರ್ ಮೊದಲು ಹಳಿಗಳ ನಡುವೆ ಮ್ಯಾಗ್ನೆಟ್ ಇರುತ್ತದೆ. ಹಸಿರಿದ್ದರೆ ಗಂಟೆ. ಬೇರೆ ಏನಿದ್ದರೂ ಹಾರ್ನ್. ಎರಡು ಸೆಕೆಂಡಿನ ಆಸುಪಾಸಿನಲ್ಲಿ ಕೀಬೋರ್ಡಿನ ಕ್ಯೂ ಒತ್ತಬೇಕು, ಇಲ್ಲದಿದ್ದರೆ ಬ್ರೇಕ್ ತಾನಾಗಿಯೇ ಬೀಳುತ್ತದೆ. ಒತ್ತಿದ ಮೇಲೆ ಹಳದಿ-ಕಪ್ಪು ಸೂರ್ಯಕಾಂತಿ ಹೂವಿನಂಥ ಗುರುತು ಮೂಡಿ, ನೀನು ಎಚ್ಚರಿಕೆ ಒಪ್ಪಿಕೊಂಡಿದ್ದೀಯ ಅಂತ ನೆನಪಿಸುತ್ತದೆ.

ಕಲಿಯಲು ಇದಕ್ಕಿಂತ ಸುಲಭವಾದದ್ದು ಇಲ್ಲ. ಎರಡೇ ದಿನದಲ್ಲಿ ಕೈಗೆ ಕೂತುಬಿಟ್ಟಿತು. ತೊಂದರೆ ಇರುವುದೂ ಅಲ್ಲೇ ಅಂತ ತೋರಿಸಿಕೊಟ್ಟವರು ನನ್ನ ಸೋದರಮಾವ. ಹುಬ್ಬಳ್ಳಿಯವರು, ಲೋಕೋ ಪೈಲಟ್ ಆಗಿ ರಿಟೈರ್ ಆದವರು. ಹೋದ ತಿಂಗಳು ಮನೆಗೆ ಬಂದಿದ್ದಾಗ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಅರ್ಧ ಗಂಟೆ ನೋಡಿದರು. ಆಮೇಲೆ ಕೇಳಿದರು: "ತಮ್ಮಾ, ಈಗ ಬಟನ್ ಒತ್ತಿದಿ ಅಲಾ, ಸಿಗ್ನಲ್ ಏನಿತ್ತು ಹೇಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾರ್ನ್ ಕೇಳಿಸಿತ್ತು, ಬೆರಳು ಒತ್ತಿತ್ತು, ಅಷ್ಟೇ. ಕೆಂಪು ಇನ್ನೂ ಎರಡು ಸಿಗ್ನಲ್ ಆಚೆ ಇರಬಹುದು ಅನ್ನುವ ಡಬಲ್ ಯಲ್ಲೋಗೂ ಅದೇ ಹಾರ್ನ್, ಮುಂದಿನದೇ ಕೆಂಪು ಇರಬಹುದು ಅನ್ನುವ ಒಂಟಿ ಹಳದಿಗೂ ಅದೇ, ಕೆಂಪಿಗೂ ಅದೇ.

ಇದು ಆಟದೊಳಗಿನ ತೊಂದರೆ ಮಾತ್ರ ಅಲ್ಲ. ಅದೇ ಪ್ಯಾಡಿಂಗ್ಟನ್ ಹೊರಗೆ, ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ, 1999ರ ಅಕ್ಟೋಬರ್ 5ರಂದು ಒಂದು ಗಾಡಿ ಕೆಂಪು ದಾಟಿ ಎದುರಿನ ಗಾಡಿಗೆ ಬಡಿಯಿತು. 31 ಜನ ಸತ್ತರು. ಎಡಬ್ಲ್ಯುಎಸ್ ಎಚ್ಚರಿಕೆ ಬಂದಿತ್ತು, ಅದಕ್ಕೆ ಬಟನ್ನೂ ಒತ್ತಲಾಗಿತ್ತು. ಆಮೇಲಿನ ಕೆಲವೇ ವರ್ಷಗಳಲ್ಲಿ, ತಾನೇ ಬ್ರೇಕ್ ಹಾಕುವ ಟಿಪಿಡಬ್ಲ್ಯುಎಸ್ ಅನ್ನುವ ವ್ಯವಸ್ಥೆ ದೇಶದ ಉದ್ದಗಲಕ್ಕೂ ಬಂತು. ಅದಿರುವ ಸಿಗ್ನಲ್‌ನಲ್ಲಿ ಕೆಂಪು ದಾಟಿದರೆ, ಅಥವಾ ಕೆಂಪಿನ ಕಡೆಗೆ ತೀರಾ ಜೋರಾಗಿ ಬಂದರೆ, ನೀವು ಏನು ಒತ್ತಿದರೂ ಬ್ರೇಕ್ ಬೀಳುತ್ತದೆ, ಒಂದು ನಿಮಿಷ ಬಿಡುವುದೂ ಇಲ್ಲ. ಟರ್ಮಿನಲ್‌ನ ಕೊನೆಯಲ್ಲೂ ಇದೇ ಕಾವಲು ಇರುವುದರಿಂದ, ಪ್ಯಾಡಿಂಗ್ಟನ್ ಪ್ಲಾಟ್‌ಫಾರ್ಮ್ ತುದಿಗೆ ಬರುವಾಗ ನಾನು ಗಂಟೆಗೆ 10 ಮೈಲಿಗಿಂತ ಕಡಿಮೆಗೆ ಇಳಿಸಿಕೊಂಡಿರುತ್ತೇನೆ.

ಪೋಲೆಂಡಿನದು ಸಿಮ್‌ರೈಲ್ ಅನ್ನುವ ಇನ್ನೊಂದು ಆಟದಲ್ಲಿ ನೋಡಿದ್ದು. ಅಲ್ಲಿನ ಎಚ್ಚರಿಕೆ ವ್ಯವಸ್ಥೆಯಾದ ಎಸ್‌ಎಚ್‌ಪಿಯ ಮ್ಯಾಗ್ನೆಟ್‌ಗೆ ಸಿಗ್ನಲ್ಲಿನ ಬಣ್ಣವೇ ಗೊತ್ತಿಲ್ಲ. ಹಸಿರಿದ್ದರೂ ಕೆಂಪಿದ್ದರೂ ಒಂದೇ ದೀಪ, ಒಂದೇ ಬಜರ್. ಜೊತೆಗೆ ಸಿಎ ಅನ್ನುವುದು ನಿಮಿಷಕ್ಕೊಮ್ಮೆ ಎಚ್ಚರ ಇದ್ದೀಯಾ ಅಂತ ಕೇಳುತ್ತದೆ. ಇದನ್ನು ನೋಡಿ ಮಾಮಾ, "ಇದು ನಮ್ಮ ಎಂಜಿನ್‌ದಾಗೂ ಐತಿ" ಅಂದರು. ನಮ್ಮಲ್ಲೂ ಸುಮಾರು ಒಂದು ನಿಮಿಷ ಯಾವ ಹಿಡಿಕೆಯನ್ನೂ ಮುಟ್ಟದಿದ್ದರೆ ಮೊದಲು ದೀಪ, ಆಮೇಲೆ ಬಜರ್, ಆಮೇಲೆ ಬ್ರೇಕ್. ನಿದ್ದೆ ತಡೆಯಲು ಇದು ಒಳ್ಳೆಯದೇ. ಸಿಗ್ನಲ್ ವಿಷಯದಲ್ಲಿ ಮಾತ್ರ ಏನೂ ಕಲಿಸಲಿಲ್ಲ. ಎರಡು ವಾರ ಓಡಿಸಿ ಬಿಟ್ಟುಬಿಟ್ಟೆ.

ಇನ್ನು ಜರ್ಮನಿ. ಲೈಪ್‌ಜಿಗ್‌ನ ಎಸ್-ಬಾನ್ ಅನ್ನುವ ಲೋಕಲ್ ರೈಲಿನ ರೂಟ್, ಟ್ಯಾಲೆಂಟ್ 2 ಗಾಡಿ, ಅಲ್ಲಿನ ಸುರಕ್ಷತಾ ವ್ಯವಸ್ಥೆ ಪಿಜೆಡ್‌ಬಿ ಆನ್. ಇಲ್ಲಿ ಬಟನ್ ಒತ್ತಿದ ಮೇಲೆ ಕೆಲಸ ಶುರುವಾಗುತ್ತದೆ.

ಇಲ್ಲಿ ಮೂರು ಬಗೆಯ ಮ್ಯಾಗ್ನೆಟ್, ಹರ್ಟ್ಜ್ ಸಂಖ್ಯೆಯೇ ಅವುಗಳ ಗುರುತು. ನಿಲ್ಲಬೇಕು ಅಂತ ಮುನ್ಸೂಚನೆ ಕೊಡುವ ಸಿಗ್ನಲ್ ಬಳಿ 1000 ಹರ್ಟ್ಜ್ ಮ್ಯಾಗ್ನೆಟ್. 4 ಸೆಕೆಂಡಿನೊಳಗೆ ಪೇಜ್ ಡೌನ್ ಒತ್ತಬೇಕು. ವೇಗದ ಪ್ಯಾಸೆಂಜರ್ ಗಾಡಿಯಾದರೆ 23 ಸೆಕೆಂಡಿನಲ್ಲಿ ಗಂಟೆಗೆ 85 ಕಿ.ಮೀ.ಗೆ ಇಳಿದಿರಬೇಕು. ಸುಮ್ನೆ ಒತ್ತಿ ಕೂತರೆ ಬ್ರೇಕ್ ಖಂಡಿತ. ಈ ನಿಗಾ 1250 ಮೀಟರ್‌ವರೆಗೆ ಇರುತ್ತದೆ. ಕೆಂಪಿಗೆ ಸುಮಾರು 250 ಮೀಟರ್ ಇರುವಾಗ 500 ಹರ್ಟ್ಜ್ ಮ್ಯಾಗ್ನೆಟ್. ಅಲ್ಲಿ 65ಕ್ಕಿಂತ ಜಾಸ್ತಿ ಇರಬಾರದು, ಮುಂದಿನ 153 ಮೀಟರ್‌ನಲ್ಲಿ 45ಕ್ಕೆ ಬರಬೇಕು. ಕೆಂಪನ್ನೇ ದಾಟಿದರೆ 2000 ಹರ್ಟ್ಜ್, ನೇರ ಎಮರ್ಜೆನ್ಸಿ ಬ್ರೇಕ್.

1000 ಹರ್ಟ್ಜ್ ಮ್ಯಾಗ್ನೆಟ್ ದಾಟಿ 700 ಮೀಟರ್ ಆದ ಮೇಲೆ ಎಂಡ್ ಕೀ ಒತ್ತಿ ಈ ನಿಗಾದಿಂದ ಬಿಡಿಸಿಕೊಳ್ಳಬಹುದು. ಮುಂದಿನ ಸಿಗ್ನಲ್ ಹಸಿರಾಗಿದ್ದು ಕಣ್ಣಿಗೆ ಕಂಡಿದ್ದರೆ ಮಾತ್ರ ಒತ್ತಿ. ಆತುರಪಟ್ಟು ಬಿಡಿಸಿಕೊಂಡು, ಆ 1250 ಮೀಟರ್‌ನೊಳಗೆ 500 ಹರ್ಟ್ಜ್ ಸಿಕ್ಕರೆ ತಕ್ಷಣ ಬ್ರೇಕ್.

ನಾನು ಹೆಚ್ಚು ಸಲ ಸಿಕ್ಕಿಬಿದ್ದದ್ದು ಸ್ಟೇಷನ್‌ಗಳಲ್ಲಿ. ಹಳದಿ ದಾಟಿ ಪ್ಲಾಟ್‌ಫಾರ್ಮ್‌ನಲ್ಲಿ ನಿಂತೆ, ಬಾಗಿಲು ಹಾಕಿದೆ, ಸಿಗ್ನಲ್ ಹಸಿರಾಯಿತು, ಪೂರ್ತಿ ಪವರ್ ಕೊಟ್ಟೆ. ಗಾಡಿ ಗಕ್ಕನೆ ನಿಂತಿತು. ನಿಗಾ ಇರುವಾಗ 15 ಸೆಕೆಂಡಿಗಿಂತ ಹೆಚ್ಚು ನಿಂತರೆ ಮಿತಿ 45ಕ್ಕೆ ಬೀಳುತ್ತದೆ. ನೀಲಿ ದೀಪಗಳು ಒಂದಾದ ಮೇಲೆ ಒಂದು ಮಿನುಗಿ ಅದನ್ನೇ ಹೇಳುತ್ತಿದ್ದವು, ನಾನು ನೋಡಿರಲಿಲ್ಲ. ಇದರ ಮೇಲೆ, ಡ್ರೈವರ್ ಎಚ್ಚರ ಇದ್ದಾನಾ ಅಂತ ನೋಡುವ ಸಿಫಾ ಬೇರೆ. 30 ಸೆಕೆಂಡಿಗೊಮ್ಮೆ ಅದಕ್ಕೂ ಉತ್ತರ ಕೊಡಬೇಕು. ಮೊದಲ ವಾರ ಬೇಸರ ಬಂದು ಎರಡು ಸಲ ಆಟ ಮುಚ್ಚಿದ್ದೆ.

ಹಾಗಿದ್ದೂ ನನ್ನ ಆಯ್ಕೆ ಪಿಜೆಡ್‌ಬಿ. ಹೊಸಬರು ಮಾತ್ರ ಇದರಿಂದ ಶುರು ಮಾಡಬೇಡಿ, ಬ್ರೇಕ್ ಹಿಡಿತಕ್ಕೆ ಬರುವ ತನಕ ಎಡಬ್ಲ್ಯುಎಸ್ ಸಾಕು. ನಮ್ಮ ಮೆಟ್ರೋದ ಹಳದಿ ಮಾರ್ಗದಲ್ಲಿರುವ ಸಿಬಿಟಿಸಿ ಅನ್ನುವ ಸಿಗ್ನಲ್ ವ್ಯವಸ್ಥೆ ಗಾಡಿಯ ಜಾಗ, ವೇಗ ಎರಡನ್ನೂ ಬಿಡದೆ ಗಮನಿಸುತ್ತಿರುತ್ತದೆ. ಈ ಹಳೆಯ ಮೂರಕ್ಕೂ ನಾವು ಮ್ಯಾಗ್ನೆಟ್ ದಾಟಿದಾಗ ಮಾತ್ರ ಸುದ್ದಿ ತಿಳಿಯುತ್ತದೆ. ನಡುವಿನ ಜಾಗದಲ್ಲಿ ಎಚ್ಚರ ಇರಬೇಕಾದವರು ನಾವೇ ಅಲ್ವಾ.

ಹೊರಡುವ ದಿನ ಮಾಮಾ ಒಂದೇ ಮಾತು ಹೇಳಿದರು: "ಒತ್ತೂಕಿಂತ ಮೊದಲ ಬಾಯಿ ಬಿಟ್ಟು ಹೇಳು." ನಮ್ಮ ಎಂಜಿನ್‌ಗಳಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ ಪೈಲಟ್ ಪ್ರತಿ ಸಿಗ್ನಲ್ ಅನ್ನೂ ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ಈಗ ನಾನೂ ಹಾಗೇ ಮಾಡುತ್ತೇನೆ. ಮೊನ್ನೆ ಮತ್ತೆ ಪ್ಯಾಡಿಂಗ್ಟನ್ ರೂಟ್‌ಗೆ ಹೋಗಿದ್ದೆ. ಹಾರ್ನ್ ಬರುವ ಮೊದಲೇ "ಡಬಲ್ ಯಲ್ಲೋ" ಅಂದಿದ್ದೆ. ಕ್ಯೂ ಒತ್ತುವ ಹೊತ್ತಿಗೆ ಇನ್ನೊಂದು ಕೈ ಬ್ರೇಕ್ ಮೇಲಿತ್ತು.