ಬೇಕರಿ ಕುಸ್ವಾರ್: ಕೊಕ್ಕಿಸಾಂ ಸೂಪರ್, ನೆವ್ರಿ ಬೇಡ

ಈ ಸಲ ಕ್ರಿಸ್ಮಸ್‌ಗೆ ಬೆಂಗಳೂರಿಂದ ಅಕ್ಕ, ಭಾವ, ಮಕ್ಕಳೆಲ್ಲಾ ಬಂದು ಮಂಗಳೂರಿನ ಮನೇಲಿ 14 ಜನ, ಅಮ್ಮಂಗೆ ಮೊಣಕಾಲು ನೋವು, ಒಲೆ ಮುಂದೆ ನಿಲ್ಲೋಕಾಗಲ್ಲ ಅಂತ ಹತ್ರದ ಬೇಕರಿಯಿಂದ್ಲೇ 2 ಕೆಜಿ ಕುಸ್ವಾರ್ (ಕ್ರಿಸ್ಮಸ್‌ಗೆ ಮಾಡೋ ಬಗೆಬಗೆ ತಿಂಡಿಗಳು) ತಂದ್ವಿ. ಕೊಕ್ಕಿಸಾಂ (ಹೂವಿನ ಅಚ್ಚಲ್ಲಿ ಕರಿಯೋ ತಿಂಡಿ) ಮಾತ್ರ ಸೂಪರ್, ಗರಿಗರಿ, ಜಿಡ್ಡೇ ಇಲ್ಲ. ಸುರುಳಿ ಸುತ್ತಿ ಕರಿಯೋ ಸಿಹಿ ತಿಂಡಿ ಕಿಡಿಯೊ, ಹಾಗಂದ್ರೆ ಕೊಂಕಣಿಲಿ ಹುಳ ಅಂತ ಭಾವ ಹೇಳಿದ್ದೇ ತಡ, ಮಕ್ಕಳು "ನಂಗೂ ಹುಳ, ನಂಗೂ ಹುಳ" ಅಂತ ಡಬ್ಬಿನೇ ಖಾಲಿ ಮಾಡಿದ್ವು. ನೆವ್ರಿ (ಕರ್ಜಿಕಾಯಿ ಥರದ್ದು) ಒಳಗೆ ಬರೀ ಸಕ್ಕರೆ, ಎಳ್ಳು ಕಾಯಿ ಹುಡುಕ್ಬೇಕು, ಅಜ್ಜಿ ಒಂದು ಕಚ್ಚಿ ಸುಮ್ನೆ ಪಕ್ಕಕ್ಕಿಟ್ರು (ಅಲ್ಲಿಗೆ ತೀರ್ಪು ಆಯ್ತು). ಗುಳಿಯೊ (ಅಕ್ಕಿ ಹಿಟ್ಟಿನ ಪುಟ್ಟ ಕರಿದ ಉಂಡೆ) ಗೋಲಿ ಥರ ಗಟ್ಟಿ, ಚಿಕ್ಕ ಮಕ್ಕಳಿಗೆ ಕೊಡ್ಬೇಡಿ. ಪ್ಲಮ್ ಕೇಕ್ ಪರ್ವಾಗಿಲ್ಲ. 24ಕ್ಕೆ ಹೋದ್ರೆ ಮುಕ್ಕಾಲು ಗಂಟೆ ಲೈನು, ಮೊದ್ಲೇ ಹೇಳಿಡಿ.